ಕೊನೆಯ ತಟ್ಟೆ ತುಂಬುವ ತನಕ

ನಮ್ಮಕ್ಕನಿಗೆ ಹಾಸ್ಟೆಲಿನ ಹುಡುಗಿಯರು ಇಟ್ಟಿರುವ ಹೆಸರು ತಾಳಕ್ಕ. ಎದುರಿಗೆ ಅಕ್ಕ, ಬೆನ್ನ ಹಿಂದೆ ತಾಳಕ್ಕ. ಅದು ಅವಳಿಗೆ ಗೊತ್ತಿಲ್ಲ ಎಂದು ಹುಡುಗಿಯರು ಅಂದುಕೊಂಡಿದ್ದಾರೆ. ಅವಳಿಗೆ ಎಲ್ಲ ಗೊತ್ತು. ಊಟದ ಮನೆಯಲ್ಲಿ ಹಸಿದ ಯಾವಳೋ ಒಬ್ಬಳು ತಟ್ಟೆಗೆ ಕೈ ಹಾಕಿದಳೋ ಇಲ್ಲವೋ, ಬಾಗಿಲ ಹತ್ತಿರದಿಂದ ಅಕ್ಕನ ಗಂಟಲು ಏಳುತ್ತದೆ.

"ತಾಳು ತಾಳು! ಆ ಮೂಲೆಯವ್ರಿಗೆ ಇನ್ನೂ ಬಡಿಸಿಲ್ಲ."

ನಮ್ಮ ಹಾಸ್ಟೆಲಿಗೆ ಇರುವುದು ಇದೊಂದೇ ಕಾನೂನು. ಎಲ್ಲ ತಟ್ಟೆಗೂ ಬಡಿಸಿ ಮುಗಿಯುವ ತನಕ ಯಾರೂ ತುತ್ತು ಎತ್ತುವ ಹಾಗಿಲ್ಲ. ಗೋಡೆಗೆ ಹೊಡೆದ ಹಲಗೆಯ ಮೇಲೆ ಇನ್ನೂ ಏನೇನೋ ಬರೆದಿದೆ. ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಇಡಬಾರದು, ಕಿಟಕಿಯಲ್ಲಿ ಬಟ್ಟೆ ಒಣಹಾಕಬಾರದು, ಸ್ನಾನದ ಮನೆಯಲ್ಲಿ ಹಾಡಬಾರದು. ಎಲ್ಲವೂ ನಡೆಯುತ್ತದೆ, ಅಕ್ಕ ನೋಡಿಯೂ ನೋಡದ ಹಾಗೆ ಓಡಾಡುತ್ತಾಳೆ. ತಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅಡುಗೆಮನೆ ನನ್ನ ಕೈಯಲ್ಲಿದೆ. ಒಲೆಯ ಮುಂದೆ ಬೆವರು ಸುರಿಸಿ ಬಿಸಿಬಿಸಿಯಾಗಿ ಮಾಡಿದ್ದೆಲ್ಲ ಇವಳ ಕಾನೂನಿನಿಂದ ಆರಿಹೋಗುತ್ತದೆ, ಆಮೇಲೆ "ಚಿಕ್ಕಕ್ಕಾ, ಊಟ ತಣ್ಣಗಿದೆ" ಎಂದು ಬೈಸಿಕೊಳ್ಳುವವಳು ನಾನು. ಎಷ್ಟು ಸಲ ಜಗಳ ಆಡಿದ್ದೇನೋ ಲೆಕ್ಕವಿಲ್ಲ.

ಈ ಹಟ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಅಕ್ಕನನ್ನು ಕೊಟ್ಟದ್ದು ತುಂಬಿದ ಮನೆಗೆ. ಅಲ್ಲಿ ಮೊದಲು ಗಂಡಸರ ಊಟ, ಆಮೇಲೆ ಮಕ್ಕಳದು, ಆಮೇಲೆ ಅತ್ತೆ, ನಾದಿನಿಯರು, ಕಟ್ಟಕಡೆಗೆ ಸೊಸೆ. ಸೊಸೆಯ ಸರದಿ ಬರುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ತಳ ಕೆರೆದು ತಿಂದು ತಿಂದು ಒಂದು ದಿನ ಅವಳಿಗೆ ರೇಗಿತು. ಎಲ್ಲರಿಗಿಂತ ಮೊದಲು ತಟ್ಟೆ ಹಾಕಿಕೊಂಡು, ನಡುಮನೆಯಲ್ಲಿ ಚಕ್ಕಳಮಕ್ಕಳ ಕೂತು ಹೊಟ್ಟೆ ತುಂಬ ಉಂಡಳು. ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಅಕ್ಕ ಕೈ ತೊಳೆದುಕೊಂಡು ಬಟ್ಟೆಯ ಚೀಲ ಹಿಡಿದು ನಮ್ಮ ಮನೆಗೆ ಬಂದುಬಿಟ್ಟಳು. ಗಂಡ ಕರೆಯಲು ಬಂದಾಗ, "ಎಲ್ರೂ ಒಟ್ಟಿಗೆ ಕೂತು ಉಣ್ಣೋದಾದ್ರೆ ಬರ್ತೀನಿ" ಎಂದಳು. ಯೋಚನೆ ಮಾಡಿ ಹೇಳುತ್ತೇನೆ ಎಂದು ಹೋದ ನಮ್ಮ ಭಾವ ಇನ್ನೂ ಯೋಚನೆ ಮಾಡುತ್ತಲೇ ಇದ್ದಾರೆ.

ಆಮೇಲೆ ಅವಳು ಒಂದು ಶಾಲೆಯಲ್ಲಿ ಆಯಾ ಆದಳು, ಇನ್ನೊಂದು ಕಡೆ ಉಗ್ರಾಣ ನೋಡಿಕೊಂಡಳು, ಕೊನೆಗೆ ದಂತ ವೈದ್ಯಕೀಯ ಕಾಲೇಜಿನ ಹಿಂದಿರುವ ಈ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದಳು. ನನ್ನನ್ನೂ ಎಳೆದುಕೊಂಡು ಬಂದಳು. ಬಂದವಳು ಮಾಡಿದ ಮೊದಲ ಕೆಲಸವೆಂದರೆ, ಹೊರದೇಶದ ಹುಡುಗಿಯರಿಗೆಂದು ಮೇಲಿನ ಮಹಡಿಯಲ್ಲಿ ಬೇರೆಯಾಗಿಟ್ಟಿದ್ದ ಕೋಣೆಗಳನ್ನು ತೆಗೆದುಹಾಕಿದ್ದು. ಒಂದು ಕೋಣೆಗೆ ಇಲ್ಲಿಯವಳೊಬ್ಬಳು, ಹೊರಗಿನವಳೊಬ್ಬಳು. ಕಾಲೇಜಿನವರು ಗೊಣಗಿದರು. ಅಕ್ಕ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹಾಗೆ ಒಂದು ಕೋಣೆಯಲ್ಲಿ ಬಂದು ಬಿದ್ದವರು ಪಟಾಕಿ ಮತ್ತು ಗುಬ್ಬಿ. ಪಟಾಕಿ ಸಿಮೆಂಟ್ ವ್ಯಾಪಾರಿಯ ಒಬ್ಬಳೇ ಮಗಳು. ಬಾಯಿ ತೆರೆದರೆ ಮೂರು ಕೋಣೆಯಾಚೆಗೂ ಕೇಳುತ್ತದೆ. ಗುಬ್ಬಿ ಸಮುದ್ರದಾಚೆಯ ಯಾವುದೋ ದೇಶದವಳು. ಅವಳ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಅದಕ್ಕೇ ಗುಬ್ಬಿ. ನಮ್ಮ ಭಾಷೆಯನ್ನು ಅವಳು ಕಲಿತದ್ದು ಊಟದ ಮನೆಯಲ್ಲಿ. ಹಾಗಾಗಿ ಅವಳಿಗೆ ಮೊದಲು ಬಂದ ಮಾತುಗಳು "ಸಾಕು", "ಇನ್ನೊಂಚೂರು", ಮತ್ತೆ "ತಾಳಿ".

ಗುಬ್ಬಿಯ ಬಲಗೈ ನೋಡಬೇಕು ನೀವು. ಹಲ್ಲಿನ ಡಾಕ್ಟರಿಕೆ ಓದುವವರು ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತಾರೆ. ಉಳಿದವರು ಕೆತ್ತಿದ್ದು ಕಡಲೆಬೀಜದಂತೆ ಕಾಣುತ್ತಿದ್ದರೆ, ಗುಬ್ಬಿ ಕೆತ್ತಿದ ದವಡೆಹಲ್ಲು ಯಾರ ಬಾಯಿಂದಲೋ ಈಗ ತಾನೇ ಕಿತ್ತು ತಂದ ಹಾಗೆ ಇರುತ್ತಿತ್ತು. ಸಣ್ಣ ಚಾಕು ಹಿಡಿದು, ತುಟಿ ಕಚ್ಚಿಕೊಂಡು, ಎರಡು ಬೆರಳಿನಲ್ಲೇ ಎಲ್ಲ ಮಾಡುತ್ತಿದ್ದಳು. ಕೋಣೆಯ ನೆಲದ ತುಂಬ ಮೇಣದ ಪುಡಿ. "ಏ ಗುಬ್ಬಿ, ಗೂಡು ಕಟ್ತಿದೀಯೇನೇ?" ಎಂದು ಅಕ್ಕ ಬೈಯುತ್ತಲೇ ಗುಡಿಸುತ್ತಿದ್ದಳು. ಒಂದು ಮೇಣದ ಹಲ್ಲನ್ನು ಎತ್ತಿಕೊಂಡು ಬಂದು ತನ್ನ ಕನ್ನಡಿಯ ಮುಂದೆ ಇಟ್ಟುಕೊಂಡದ್ದೂ ಅವಳೇ.

ವಿಮೆಯ ಮಾತು ಮೊದಲು ನಮ್ಮ ಹಾಸ್ಟೆಲಿಗೆ ಬಂದದ್ದು ಏಜೆಂಟ್ ಮಹಾಶಯನ ಕಾಲ ಮೇಲೆ. ವರ್ಷಕ್ಕೊಮ್ಮೆ ಬರುತ್ತಾನೆ, ಹಲ್ಲು ಕಿರಿಯುತ್ತಾನೆ, ಇಲ್ಲಿಯ ಹುಡುಗಿಯರ ಅಪ್ಪಂದಿರ ಫೋನ್ ನಂಬರ್ ಕೇಳುತ್ತಾನೆ. ಇಲ್ಲಿಯ ಹುಡುಗಿಯರ ಕೈಯಲ್ಲಿ ಇರುವುದು ಹಳದಿ ಕಾರ್ಡು. ಅಪ್ಪ ಮನೆಮಂದಿಗೆಲ್ಲ ಸೇರಿಸಿ ಖಾಸಗಿಯಾಗಿ ಮಾಡಿಸಿದ್ದು. ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ತೋರಿಸಿದರೆ ಸಾಕು, ಬಾಗಿಲು ತಾನಾಗಿ ತೆರೆಯುತ್ತದೆ. ಹೊರದೇಶದವರದು ನೀಲಿ ಕಾರ್ಡು. ಅದರ ಮೇಲೆ ಭೂಮಿಯ ಚಿತ್ರ ಬೇರೆ. ಅದಿಲ್ಲದೆ ಕಾಲೇಜಿನವರು ಸೇರಿಸಿಕೊಳ್ಳುವುದೇ ಇಲ್ಲ, ಯಾವ ಕಂಪನಿಯದು ಎಂದು ಆರಿಸುವುದೂ ಅವರೇ. ನೋಡಲು ನೀಲಿಯೇ ಚೆಂದ. ಆದರೆ ಅದು ಕೆಲಸ ಮಾಡಬೇಕಾದರೆ ಆಸ್ಪತ್ರೆ ಅವರ ಪಟ್ಟಿಯಲ್ಲಿರಬೇಕು, ದೊಡ್ಡ ಚಿಕಿತ್ಸೆಗೆ ಅವರ ಮುಖ್ಯ ಕಚೇರಿಯ ಅನುಮತಿ ಮೊದಲೇ ಬಂದಿರಬೇಕು.

ಅಕ್ಕ ಆ ಏಜೆಂಟನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

"ಈ ಹಳದೀನೇ ಎಲ್ಲಾ ಹುಡುಗೀರಿಗೂ ಮಾಡಿಕೊಡ್ರಿ."

"ಅಯ್ಯೋ, ಹೊರಗಿನವ್ರಿಗೆ ಆಗಲ್ಲಮ್ಮ. ಅವ್ರು ಇಲ್ಲಿ ಕಾಯಂ ಇರೋರಲ್ಲ. ಓದು ಮುಗಿಸ್ಕೊಂಡು ಹೋಗ್ಬಿಡ್ತಾರೆ."

"ಓದು ಮುಗಿಯೋವರೆಗೆ ಜ್ವರ ಬರಲ್ವಾ ಅವ್ರಿಗೆ?"

"ಅದಕ್ಕೇ ನೀಲಿ ಇದೆಯಲ್ಲಮ್ಮ. ಏನೂ ಇಲ್ಲದೇ ಇರೋದಕ್ಕಿಂತ ವಾಸಿ."

"ಒಂದು ಮನೇಲಿ ಕೂತು ಉಣ್ಣೋರಿಗೆ ಎರಡು ಥರ ತಟ್ಟೆ ಇಡ್ತೀಯಲ್ಲಪ್ಪ," ಎಂದು ಅಕ್ಕ ಎದ್ದಳು. ಅವತ್ತು ಅವನಿಗೆ ಚಹಾ ಕೊಡಲಿಲ್ಲ. ನಾನು ಲೋಟ ಹಿಡಿದು ಬಾಗಿಲ ತನಕ ಬಂದಿದ್ದವಳು ಹಾಗೇ ಒಳಗೆ ಹೋಗಿ ನಾನೇ ಕುಡಿದೆ.

ಅಕ್ಕನ ಮಾತು ಉತ್ಪ್ರೇಕ್ಷೆ ಎಂದೇ ನನಗೆ ಆಗ ಅನಿಸಿತ್ತು. ಕಾರ್ಡು ಯಾವ ಬಣ್ಣದ್ದಾದರೇನು, ಎಳೆ ಹುಡುಗಿಯರು, ಕಲ್ಲು ತಿಂದು ಕರಗಿಸುವ ವಯಸ್ಸು, ಇವರಿಗೆ ಏನಾಗುತ್ತದೆ ಎಂದುಕೊಂಡಿದ್ದೆ. ಆಮೇಲೆ ಒಂದು ಬೆಳಿಗ್ಗೆ ಪಟಾಕಿಯ ಸ್ಕೂಟರ್ ಗುಂಡಿಗೆ ಬಿತ್ತು.

ಕಾಲೇಜಿನ ಹಿಂದಿನ ರಸ್ತೆಯಲ್ಲಿ ಪೈಪು ಹಾಕಲು ಅಗೆದು, ಮುಚ್ಚಿದ ಶಾಸ್ತ್ರ ಮಾಡಿ ಹೋಗಿದ್ದರು. ಮುಂದೆ ಪಟಾಕಿ, ಹಿಂದೆ ಗುಬ್ಬಿ. ಒಂದೇ ಗಾಡಿ, ಒಂದೇ ಗುಂಡಿ, ಒಂದೇ ಆಂಬುಲೆನ್ಸ್. ನಾನೂ ಅಕ್ಕನೂ ಓಡೋಡಿ ಹೋಗುವ ಹೊತ್ತಿಗೆ ಇಬ್ಬರನ್ನೂ ಹತ್ತಿರದ ಖಾಸಗಿ ಆಸ್ಪತ್ರೆಯ ಹಜಾರದಲ್ಲಿ ಪಕ್ಕಪಕ್ಕದ ಸ್ಟ್ರೆಚರುಗಳಲ್ಲಿ ಮಲಗಿಸಿದ್ದರು. ಪಟಾಕಿಯ ಕಾಲಿನ ಗಿಣ್ಣು ಮುರಿದಿತ್ತು. ಗುಬ್ಬಿಯ ಬಲಗೈ ಮಣಿಕಟ್ಟು ಎಲ್ಲೋ, ಅಂಗೈ ಎಲ್ಲೋ ತಿರುಗಿತ್ತು. ಅದಕ್ಕೆ ಪಟ್ಟಿ ಕಟ್ಟಿ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಪಟಾಕಿ ಬೊಬ್ಬೆ ಹೊಡೆಯುತ್ತಿದ್ದಳು. ಗುಬ್ಬಿ ಸದ್ದಿಲ್ಲದೆ ಬೆರಳುಗಳನ್ನೇ ನೋಡುತ್ತಿದ್ದಳು. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೂಳೆ ಡಾಕ್ಟರು ಬಂದರು. ಪಿನ್ನಿನ ತುದಿಯಿಂದ ಗುಬ್ಬಿಯ ಹೆಬ್ಬೆರಳು ಮುಟ್ಟಿದರು, ತೋರುಬೆರಳು ಮುಟ್ಟಿದರು. "ಗೊತ್ತಾಗ್ತಿದೆಯಾ?" ಎಂದರು. ಗುಬ್ಬಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದರು.

"ಕಾಲಿನ ಹುಡುಗೀದು ಎರಡು ದಿನ ತಡ ಆದ್ರೂ ನಡೆಯುತ್ತೆ. ಈ ಹುಡುಗೀದು ಹಾಗಲ್ಲ. ಮುರಿದ ಮೂಳೆ ನರವನ್ನ ಒತ್ತಿ ಹಿಡಿದಿದೆ. ಇವತ್ತೇ ಬಿಚ್ಚಿ ಒತ್ತಡ ಇಳಿಸ್ಬೇಕು. ನಾಳೆ ಅಂದ್ರೆ ಈ ಬೆರಳುಗಳು ವಾಪಸ್ ಬರುತ್ವೆ ಅಂತ ನಾನು ಹೇಳಲಾರೆ. ಏನು ಓದ್ತಿದಾಳೆ ಇವಳು?"

"ಹಲ್ಲಿನ ಡಾಕ್ಟರ್," ಎಂದೆ ನಾನು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ವಿಮೆ ಕೌಂಟರಿನ ಕಥೆ ಕೇಳಿ. ಅಲ್ಲೊಬ್ಬ ಗರಿಗರಿ ಅಂಗಿಯವನು ಕೂತಿದ್ದ. ಅಕ್ಕ ಎರಡೂ ಕಾರ್ಡುಗಳನ್ನು ಒಟ್ಟಿಗೇ ಅವನ ಮುಂದಿಟ್ಟಳು. ಹಳದಿ ಕಾರ್ಡು ನೋಡಿ ನಾಲ್ಕು ಗುಂಡಿ ಒತ್ತಿದ, ಯಂತ್ರ ಕಾಗದ ಉಗುಳಿತು. "ನಾಲ್ಕನೇ ಮಹಡಿ, ಒಬ್ರೇ ಇರೋ ಕೋಣೆ. ಮಧ್ಯಾಹ್ನವೇ ಆಪರೇಷನ್ನಿಗೆ ಜಾಗ ಖಾಲಿ ಇದೆ" ಎಂದ. ನೀಲಿ ಕಾರ್ಡನ್ನು ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ನಮ್ಮಲ್ಲಿ ನಡೆಯಲ್ಲ ಮೇಡಂ. ಇವ್ರ ಪಟ್ಟಿಯಲ್ಲಿರೋ ಆಸ್ಪತ್ರೆ ಊರಾಚೆ ಇದೆ. ಅಲ್ಲಿಗೆ ಕರ್ಕೊಂಡು ಹೋಗಿ."

"ಅಲ್ಲಿ ಈ ಕೈ ಮಾಡೋ ಡಾಕ್ಟರು ಇವತ್ತು ಇದಾರಾ?"

ಅವನು ಫೋನ್ ಮಾಡಿ ವಿಚಾರಿಸಿದ. ಇರಲಿಲ್ಲ.

"ಹಾಗಾದ್ರೆ ಇಲ್ಲೇ ಮಾಡಬೇಕು ಅಂದ್ರೆ ಕಂಪನಿಯವ್ರ ವಿಶೇಷ ಅನುಮತಿ ತರಿಸಿ. ಇಲ್ಲ, ಪೂರ್ತಿ ಮುಂಗಡ ಕಟ್ಟಿ. ಅದೂ ಇಲ್ಲ ಅಂದ್ರೆ ಆಸ್ತಿಪಾಸ್ತಿ ಇರೋರು ಯಾರಾದ್ರೂ ಜಾಮೀನು ನಿಲ್ಲಬೇಕು."

"ನಾನು ನಿಲ್ತೀನಿ."

"ನಿಮ್ಮ ಹೆಸರಲ್ಲಿ ಮನೆ, ಅಂಗಡಿ ಏನಾದ್ರೂ ಇದೆಯಾ ಮೇಡಂ?"

ಅಕ್ಕನ ಹೆಸರಲ್ಲಿ ಇರುವುದು ಒಂದು ಟ್ರಂಕು. ಮುಂಗಡದ ಮಾತಂತೂ ಬೇಡ. ಗುಬ್ಬಿಯ ತಾಯಿಗೆ ಪಟಾಕಿಯೇ ಫೋನ್ ಮಾಡಿಸಿದ್ದಳು. ಆಯಮ್ಮ ಅತ್ತ ಕಡೆ ಗೊಳೋ ಎಂದು ಅಳುತ್ತಿದ್ದರು. ಅಲ್ಲಿಂದ ಹಣ ಹೊರಟು ಇಲ್ಲಿಗೆ ಮುಟ್ಟಲು ಎಷ್ಟೋ ದಿನ. ಉಳಿದದ್ದು ಅನುಮತಿ. ಕಂಪನಿಯ ನಂಬರಿಗೆ ಫೋನ್ ಹಚ್ಚಿ ಕಿವಿಗಿಟ್ಟುಕೊಂಡವಳು ನಾನು. ಒಳಗೆ ಪಿಟೀಲು ಕುಯ್ಯುತ್ತಿತ್ತು. ನಡುನಡುವೆ ಒಬ್ಬಳು ಬಂದು ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿದ್ದಳು. ಅಷ್ಟು ಅಮೂಲ್ಯವಾದರೆ ಎತ್ತೇ ಮಹಾತಾಯಿ! ಕೊನೆಗೆ ಯಾರೋ ಪುಣ್ಯಾತ್ಮ ಎತ್ತಿದ. ಅನುಮತಿ ಕೊಡುವ ಮುಖ್ಯ ಕಚೇರಿ ಬೇರೆ ದೇಶದಲ್ಲಿದೆಯಂತೆ. ಆ ದೇಶದಲ್ಲಿ ಇನ್ನೂ ಬೆಳಗಾಗಿಲ್ಲವಂತೆ. ಅವರು ಎದ್ದು, ಮುಖ ತೊಳೆದು, ಕಚೇರಿಗೆ ಬಂದ ಮೇಲೆ ನೋಡುತ್ತಾರಂತೆ.

"ಅವ್ರಿಗೆ ಬೆಳಗಾಗೋವರೆಗೆ ಇವಳ ಬೆರಳು ಕಾಯಬೇಕಾ?" ಎಂದು ನಾನು ಕಿರುಚಿದೆ. ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಇಬ್ಬರು ಆಳುಗಳು ಬಂದು ಪಟಾಕಿಯ ಸ್ಟ್ರೆಚರಿಗೆ ಕೈ ಹಾಕಿದರು. ನಾಲ್ಕನೇ ಮಹಡಿಗೆ ಕರೆದೊಯ್ಯಲು ಲಿಫ್ಟು ಬಂದು ನಿಂತಿತ್ತು. ಎರಡು ದಿನ ಕಾಯಬಹುದಾದ ಕಾಲು ಮೇಲಕ್ಕೆ, ಒಂದು ದಿನವೂ ಕಾಯಲಾಗದ ಕೈ ಹಜಾರದಲ್ಲಿ. ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು, ಯಾರಿಗೂ ಅದರಲ್ಲಿ ವಿಚಿತ್ರವೇನೂ ಕಾಣಿಸಲಿಲ್ಲ.

ಸ್ಟ್ರೆಚರು ಒಂದು ಮಾರು ಸರಿದು ಗಕ್ಕನೆ ನಿಂತಿತು. ಪಟಾಕಿ ಕೈ ಚಾಚಿ ಗುಬ್ಬಿಯ ಸ್ಟ್ರೆಚರಿನ ಕಂಬಿ ಹಿಡಿದುಕೊಂಡಿದ್ದಳು.

"ಬಿಡಮ್ಮ, ಲಿಫ್ಟು ಹೋಗುತ್ತೆ," ಎಂದ ಆಳು.

"ಹೋಗ್ಲಿ. ನಾನು ಬರಲ್ಲ."

"ಡಾಕ್ಟರು ಕಾಯ್ತಿದಾರೆ."

"ಇವಳನ್ನ ಕರ್ಕೊಂಡು ಹೋಗಿ. ಇವಳದು ಆದ್ಮೇಲೆ ನಂದು. ಅಲ್ಲೀತನಕ ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, ಅಳುತ್ತಾ, ಅವಳ ಗಂಟಲನ್ನೇ ಅಣಕಿಸುವ ಹಾಗೆ ಕೂಗಿದಳು. "ತಾಳಕ್ಕಾ, ಮೂಲೆಯವ್ರಿಗೆ ಇನ್ನೂ ಬಡಿಸಿಲ್ಲ!"

ಅಡ್ಡಹೆಸರು ಮೊದಲ ಸಲ ಎದುರೆದುರಿಗೇ ಬಂದಿತ್ತು. ಅಕ್ಕ ಎರಡು ಸ್ಟ್ರೆಚರುಗಳ ನಡುವೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಆಳುಗಳು ಅವಳ ಮುಖ ನೋಡಿ ಕೈ ಹಿಂದೆಗೆದುಕೊಂಡರು.

ಆಗ ಬಂದರು ಪಟಾಕಿಯ ಅಪ್ಪ. ಹೆಗಲ ಮೇಲೆ ಸಿಮೆಂಟಿನ ಧೂಳು, ಕೈಯಲ್ಲಿ ಎರಡು ಫೋನು. ಮಗಳ ಕಾಲು ನೋಡಿ ಬಾಯಿ ಒಣಗಿತು, ವಿಷಯ ತಿಳಿದು ಮುಖ ಕೆಂಪಾಯಿತು.

"ಏನಮ್ಮಾ ವಾರ್ಡನ್ನಮ್ಮ, ನನ್ನ ಮಗಳಿಗೆ ತಲೆ ಕೆಡಿಸಿದೀರಲ್ಲ! ಇಂಥ ಹೊತ್ತಿಗೆ ಇರ್ಲಿ ಅಂತಾನೇ ಅಲ್ವಾ ನಾನು ವರ್ಷ ವರ್ಷ ವಿಮೆ ಕಟ್ಟಿರೋದು?"

"ನೀವು ಕಟ್ಟಿದ್ದು ಸರಿ ಯಜಮಾನ್ರೇ. ಅದ್ರಲ್ಲೊಂದು ಚೂರೂ ನಮಗೆ ಬೇಡ," ಎಂದಳು ಅಕ್ಕ. "ನಿಮ್ಮ ಮಗಳು ಕೇಳ್ತಿರೋದು ಸರದಿ ಅಷ್ಟೇ."

"ಆ ಹುಡುಗಿಗೂ ವಿಮೆ ಇದೆಯಲ್ಲ?"

"ಇದೆ. ಇನ್ನೂ ಎದ್ದಿಲ್ಲ," ಎಂದೆ ನಾನು ಫೋನ್ ತೋರಿಸಿ. ಪಿಟೀಲು ಮತ್ತೆ ಶುರುವಾಗಿತ್ತು.

ಅವರು ಮಗಳ ಕಡೆ ತಿರುಗಿದರು. "ಹಟ ಮಾಡಬೇಡ ಪುಟ್ಟಾ. ಸಹಿ ಹಾಕು."

"ಅಪ್ಪಾ, ನನ್ನ ಸೇರಿಸೋಕೆ ಬಂದ ದಿನ ನೀನೂ ನಮ್ಮ ಜೊತೆ ಊಟಕ್ಕೆ ಕೂತಿದ್ದೆ. ನೆನಪಿದೆಯಾ? ತಟ್ಟೆ ಮುಂದೆ ಇಟ್ಕೊಂಡು ಕಾದೆ. ಆಮೇಲೆ ದಾರಿ ತುಂಬಾ ಬೈದೆ."

"ಬೈದೆ. ಹಸಿವಾಗಿತ್ತು."

"ಆದ್ರೂ ಕಾದೆ. ಅವತ್ತು ಕೊನೇ ತಟ್ಟೆ ಇವಳದೇ ಕಣಪ್ಪಾ."

ಆ ಮನುಷ್ಯ ಗುಬ್ಬಿಯನ್ನು ಆಗ ನೋಡಿದರು. ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅವಳು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಳ್ಳುತ್ತಿದ್ದಳು, ಎಲ್ಲಾದರೂ ಜೀವ ಇದೆಯೇ ಎಂದು. ಅವರು ನೋಡುತ್ತಿರುವುದು ಕಂಡು ಕಣ್ಣು ಒರೆಸಿಕೊಂಡು, "ನಮಸ್ಕಾರ ಅಂಕಲ್," ಎಂದಳು.

ಆಗಲೇ ಗರಿಗರಿ ಅಂಗಿಯವನು ನಡುವೆ ಬಾಯಿ ಹಾಕಿ ಕೆಟ್ಟ. "ನೀವು ತಲೆ ಕೆಡಿಸ್ಕೋಬೇಡಿ ಸರ್, ನಿಮ್ಮ ಮಗಳಿಗೆಲ್ಲಾ ವ್ಯವಸ್ಥೆ ಆಗಿದೆ. ಆ ಕೇಸು ನಿಮಗೆ ಸಂಬಂಧ ಇಲ್ಲ."

"ಯಾವುದು ಸಂಬಂಧ, ಯಾವುದಲ್ಲ ಅಂತ ನೀನು ಹೇಳ್ತೀಯೇನಯ್ಯ ನನಗೆ?" ಸಿಮೆಂಟಪ್ಪನ ಗಂಟಲೂ ಮಗಳದೇ ಎಂದು ಅವತ್ತು ಗೊತ್ತಾಯಿತು. "ನನ್ನ ಮಗಳು ಗಾಡಿ ಓಡಿಸ್ತಿದ್ಳು, ಅವಳ ಹಿಂದೆ ಕೂತಿದ್ದ ಹುಡುಗಿ ಅದು. ಎಲ್ಲಿ ನಿನ್ನ ಜಾಮೀನು ಕಾಗದ? ತಾ ಇಲ್ಲಿ! ನನ್ನ ಗೋಡೌನು ಸಾಕಾ, ಮನೇನೂ ಬರೀಬೇಕಾ?"

ಸಹಿ ಬಿತ್ತು. ಕೆಳಗೆ ಅಕ್ಕನೂ ತನ್ನ ಸಹಿ ಹಾಕಿದಳು. ಬೇಡ ಎಂದರೂ ಕೇಳಲಿಲ್ಲ, ಟ್ರಂಕಿನ ಒಡತಿ! ಲಿಫ್ಟಿನೊಳಗೆ ಮೊದಲು ಗುಬ್ಬಿಯ ಸ್ಟ್ರೆಚರು ಹೋಯಿತು. ಬಾಗಿಲು ಮುಚ್ಚಿದ ಮೇಲೆ ಸಿಮೆಂಟಪ್ಪ ಬೆಂಚಿನ ಮೇಲೆ ಕುಸಿದು ಕೂತು, "ಯಾಕಾದ್ರೂ ಈ ಹಾಸ್ಟೆಲಿಗೆ ಸೇರಿಸಿದ್ನೋ," ಎಂದು ಗೊಣಗಿದರು. ಅಕ್ಕ ಅವರಿಗೆ ನೀರು ತಂದುಕೊಟ್ಟಳು.

ಕೈ ಉಳಿಯಿತು. ಉಳಿಯಿತು ಎಂದರೆ ತಕ್ಷಣಕ್ಕಲ್ಲ. ನರದ ಒತ್ತಡ ಇಳಿದಿದೆ, ಸ್ಪರ್ಶ ಮೆಲ್ಲಗೆ ಬರಬೇಕು, ಬೆರಳುಗಳಿಗೆ ಸಣ್ಣ ಸಣ್ಣ ಕೆಲಸ ಕೊಡಿ ಎಂದರು ಡಾಕ್ಟರು. ಪಟಾಕಿಯ ಕಾಲಿಗೆ ಮರುದಿನ ಆಪರೇಷನ್ ಮಾಡಿ ಒಳಗೆ ತಗಡು ಕೂರಿಸಿದರು. ಇಬ್ಬರೂ ಹಾಸ್ಟೆಲಿಗೆ ಬಂದರು. ಒಬ್ಬಳಿಗೆ ನಡೆಯಲಾಗದು, ಇನ್ನೊಬ್ಬಳಿಗೆ ಕಲಸಲಾಗದು. ಗುಬ್ಬಿ ಎಡಗೈಯಲ್ಲಿ ಚಮಚ ಹಿಡಿದು ಒದ್ದಾಡುವುದನ್ನು ನೋಡಲಾರದೆ ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಧಡಧಡ ಕುಕ್ಕುತ್ತಿದ್ದೆ.

ಆ ದೇಶದಲ್ಲಿ ಬೆಳಗಾಯಿತು ಕೊನೆಗೂ. ನೀಲಿ ಕಾರ್ಡಿನವರ ಉತ್ತರ ಬಂತು. ಮೊದಲೇ ಅನುಮತಿ ಪಡೆದಿಲ್ಲ, ಆಸ್ಪತ್ರೆ ಪಟ್ಟಿಯಲ್ಲಿಲ್ಲ, ಆದ್ದರಿಂದ ಏನೂ ಕೊಡಲಾಗದು. ಸಿಮೆಂಟಪ್ಪನ ಗೋಡೌನಿನ ಮೇಲೆ ಕತ್ತಿ ತೂಗಿತು. ಆ ಮನುಷ್ಯ ಫೋನ್ ಮಾಡಿ, "ನಾನೇನೂ ಅವಸರ ಮಾಡ್ತಿಲ್ಲ, ಆದ್ರೂ ಸ್ವಲ್ಪ ನೋಡಿ," ಎಂದರು. ಪಾಪ, ಬೈಯಬೇಕಾದ ಹೊತ್ತಿಗೆ ಬೈಯಲಿಲ್ಲ.

ಅಕ್ಕ ಸೀದಾ ಕಾಲೇಜಿನ ಹೊರದೇಶದ ವಿದ್ಯಾರ್ಥಿಗಳ ಕಚೇರಿಗೆ ಹೋದಳು. ನೀಲಿ ಕಾರ್ಡನ್ನು ಆರಿಸಿದವರು ಅವರೇ ತಾನೇ? ಅಲ್ಲಿನ ಆಫೀಸರು ಒಳ್ಳೆಯ ಮಾತಿನ ಮನುಷ್ಯ. "ಖಂಡಿತ ನೋಡೋಣಮ್ಮ, ಸೋಮವಾರ ಬನ್ನಿ," ಎಂದರು. ಸೋಮವಾರ ಹೋದಳು. ಮುಂದಿನ ಸೋಮವಾರ ಬನ್ನಿ ಎಂದರು.

"ಬರ್ತೀನಿ. ಆದ್ರೆ ನನಗೂ ಕೆಲಸ ಇದೆ ಸಾರ್," ಎಂದಳು ಅಕ್ಕ.

ಮುಂದಿನ ಸೋಮವಾರ ಅವಳ ಕಂಕುಳಲ್ಲಿ ಬುಟ್ಟಿ. ಹಾಸ್ಟೆಲಿನ ರಾತ್ರಿ ಅಡುಗೆಗೆ ಬೇಕಾದ ಹಸಿ ಬಟಾಣಿ. ಕಚೇರಿಯ ಬೆಂಚಿನ ಮೇಲೆ ಕೂತು ಬಿಡಿಸತೊಡಗಿದಳು. ಪಕ್ಕದಲ್ಲಿ ಗುಬ್ಬಿ. ಬೆರಳುಗಳಿಗೆ ಸಣ್ಣ ಕೆಲಸ ಕೊಡಿ ಎಂದಿದ್ದರಲ್ಲ, ಇದಕ್ಕಿಂತ ಸಣ್ಣ ಕೆಲಸ ಯಾವುದಿದೆ?

ಮೊದಲ ಸಲ ಗುಬ್ಬಿಗೆ ಬಟಾಣಿಯ ಕೋಡು ಹಿಡಿಯಲೇ ಆಗಲಿಲ್ಲ. ಹಿಡಿದೆ ಅಂದುಕೊಳ್ಳುವಳು, ಅದು ಕೆಳಗೆ ಬಿದ್ದಿರುವುದು. ಕಣ್ಣಲ್ಲಿ ನೀರು. "ಅಳೋದಾದ್ರೆ ಆ ಬಾಗಿಲ ಕಡೆ ತಿರುಗಿ ಅಳು, ಆಫೀಸರಿಗೆ ಕಾಣ್ಲಿ," ಎಂದಳು ಅಕ್ಕ. ಗುಬ್ಬಿ ಅಳುತ್ತಲೇ ನಕ್ಕಳು. ನಾನೂ ಹೋಗತೊಡಗಿದೆ. ಪಟಾಕಿ ಊರುಗೋಲು ಕುಟ್ಟಿಕೊಂಡು ಬಂದಳು. ಹೊರದೇಶದ ಉಳಿದ ಹುಡುಗಿಯರೂ ಬಂದು ನೆಲದ ಮೇಲೆ ಕೂತರು. ಬಟಾಣಿ ಉರುಳಿ ಉರುಳಿ ಆಫೀಸರ ಮೇಜಿನ ಕೆಳಗೆ ಹೋಗುತ್ತಿತ್ತು. ಅವರ ಜವಾನ ಬಗ್ಗಿ ಬಗ್ಗಿ ಆರಿಸಿ ತಂದುಕೊಡುತ್ತಿದ್ದ.

"ಇದೇನಮ್ಮ ಇದು, ಕಚೇರಿನಾ, ತರಕಾರಿ ಮಾರ್ಕೆಟ್ಟಾ?" ಎಂದು ಆಫೀಸರು ಒಂದು ದಿನ ಸಿಡುಕಿದರು.

"ಮಾರ್ಕೆಟ್ಟಲ್ಲಿ ಕೇಳಿದ್ದಕ್ಕೆ ಉತ್ತರ ಕೊಡ್ತಾರೆ ಸಾರ್," ಎಂದಳು ಅಕ್ಕ.

ಹೀಗೆ ಸೋಮವಾರಗಳು ಕಳೆದವು. ಎಷ್ಟೆಂದು ನಾನು ಎಣಿಸಲಿಲ್ಲ. ಗುಬ್ಬಿಯ ಕೋಡುಗಳು ಬೀಳುವುದು ನಿಂತಿತು. ಆಮೇಲೆ ಒಂದು ದಿನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕ ಕೋಡು ಚಟ್ಟೆಂದು ಬಾಯಿ ಬಿಟ್ಟಿತು. "ಅಕ್ಕಾ, ಗೊತ್ತಾಯ್ತು! ಒಡೆದಿದ್ದು ಬೆರಳಿಗೆ ಗೊತ್ತಾಯ್ತು!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಕಚೇರಿಯವರೆಲ್ಲ ಎದ್ದು ಬಂದರು. ನಾನು ಅಲ್ಲೇ, ಎಲ್ಲರೆದುರಿಗೆ, ನಾಚಿಕೆಯಿಲ್ಲದೆ ಅತ್ತೆ.

ಅದರ ಮುಂದಿನ ಸೋಮವಾರ ಆಫೀಸರು ನಮ್ಮನ್ನು ಒಳಗೆ ಕರೆದರು. ಅಕ್ಕ, ಗುಬ್ಬಿ, ನಾನು. ಕುರ್ಚಿ ಹಾಕಿಸಿದರು. ಚಹಾ ತರಿಸಿದರು, ಜೊತೆಗೆ ತಟ್ಟೆಯ ತುಂಬ ಬಿಸ್ಕತ್ತು. ಮುಖದಲ್ಲಿ ಹಬ್ಬ.

"ಅಂತೂ ಗೆದ್ರಿ ನೀವು. ಕಂಪನಿಯವ್ರು ಒಪ್ಪಿದಾರೆ. ಪೂರ್ತಿ ಬಿಲ್ಲು ಅವ್ರೇ ಕಟ್ತಾರೆ, ಇದೊಂದು ವಿಶೇಷ ಪ್ರಕರಣ ಅಂತ. ತಗೊಳ್ಳಿ, ಬಾಯಿ ಸಿಹಿ ಮಾಡ್ಕೊಳ್ಳಿ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸಿಮೆಂಟಪ್ಪನ ಗೋಡೌನು ಉಳಿಯಿತು, ಅಕ್ಕನ ಟ್ರಂಕೂ ಉಳಿಯಿತು ಎಂದುಕೊಂಡು ಬಿಸ್ಕತ್ತಿಗೆ ಕೈ ಚಾಚಿದೆ. ಅಕ್ಕ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು.

"ಇವಳದು ಸರಿ ಸಾರ್. ತುಂಬಾ ಉಪಕಾರ. ಮಿಕ್ಕ ಹುಡುಗೀರದ್ದು?"

"ಮಿಕ್ಕವ್ರಿಗೇನಾಗಿದೆಯಮ್ಮ?"

"ಗುಂಡಿ ಸಿಗೋವರೆಗೆ ಇವಳಿಗೂ ಏನೂ ಆಗಿರ್ಲಿಲ್ಲ. ಅವ್ರ ಕಾರ್ಡೂ ನೀಲಿನೇ. ನಾಳೆ ಅವ್ರಲ್ಲೊಬ್ಳು ಬಿದ್ರೆ, ಆ ದೇಶದಲ್ಲಿ ಬೆಳಗಾಗೋವರೆಗೆ ಕಾಯ್ಬೇಕಾ?"

"ಅದು ಕರಾರು ಅಮ್ಮ. ಅದನ್ನೆಲ್ಲಾ ಬದಲಾಯಿಸೋಕಾಗಲ್ಲ."

"ಇದನ್ನ ಬದಲಾಯಿಸಿದ್ರಲ್ಲ?"

ಆಫೀಸರು ಬೆವರು ಒರೆಸಿಕೊಂಡರು. "ಮೊದಲು ಚಹಾ ಕುಡೀರಿ, ಆರಿಹೋಗುತ್ತೆ," ಎಂದರು.

ನಾನು ಅಡುಗೆಯವಳು. ಆರುವ ಲೋಟ ಕಂಡರೆ ನನಗೆ ಜೀವ ಹಿಂಡುತ್ತದೆ. ಆದರೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಗುಬ್ಬಿ ಬಲಗೈ ಚಾಚಿದಳು. ಹೆಬ್ಬೆರಳು ತೋರುಬೆರಳಿನಲ್ಲಿ ಲೋಟದ ಅಂಚು ಹಿಡಿದು, ಒಂದು ತೊಟ್ಟೂ ತುಳುಕದ ಹಾಗೆ, ಅಕ್ಕನದು, ನನ್ನದು, ತನ್ನದು, ಮೂರನ್ನೂ ಒಂದೊಂದಾಗಿ ಮೇಜಿನ ಆಚೆಗೆ ಸರಿಸಿದಳು. ಆಸ್ಪತ್ರೆಯ ಹಜಾರದಲ್ಲಿ ಪಿನ್ನಿನ ಚುಚ್ಚೂ ತಿಳಿಯದಿದ್ದ ಬೆರಳುಗಳು ಅವು. ಬಿಸಿಗೆ ಒಮ್ಮೆ ಚುರ್ರೆಂದು ಹಿಂದೆ ಸರಿದವು, ಮತ್ತೆ ಹಿಡಿದವು.

ಆಫೀಸರು ಏನು ಮಾಡುವುದೆಂದು ತೋಚದೆ ತಮ್ಮ ಲೋಟ ಎತ್ತಿ ತುಟಿಯ ಹತ್ತಿರ ತಂದರು.

"ತಾಳಿ ಸಾರ್," ಎಂದಳು ಗುಬ್ಬಿ. "ಇನ್ನೂ ಎಲ್ರಿಗೂ ಬಡಿಸಿಲ್ಲ."

ಅವರ ಕೈ ಅಲ್ಲೇ ನಿಂತಿತು. ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು, ಬಾಗಿಲಾಚೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಹುಡುಗಿಯರನ್ನು ನೋಡಿದರು. ಲೋಟ ಕೆಳಗಿಟ್ಟರು.

ಅಕ್ಕ ಬುಟ್ಟಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಗುಬ್ಬಿ ಒಂದು ಕೋಡು ತೆಗೆದುಕೊಂಡು ಚಟ್ಟನೆ ಬಿಡಿಸಿದಳು. ಸಿಪ್ಪೆ ಆಫೀಸರ ಫೋನಿನ ಪಕ್ಕದಲ್ಲೇ ಬಿತ್ತು.